ಮೀಥೇನ್, ಮಸಿ, ಎಚ್‌ಎಫ್‌ಸಿ: ದೇಶದ ಹವಾಮಾನ ಯೋಜನೆಯಲ್ಲಿ ಇವಕ್ಕೆ ಬೇರೆ ಬೇರೆ ಗುರಿ ಬೇಡವಾ?

ಕಡತ:

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ಪ್ಯಾರಿಸ್ ಒಪ್ಪಂದದ ಪ್ರಕಾರ ಪ್ರತಿ ದೇಶವೂ ಐದು ವರ್ಷಕ್ಕೊಮ್ಮೆ ತನ್ನ ಹವಾಮಾನ ಯೋಜನೆಯನ್ನು ವಿಶ್ವಸಂಸ್ಥೆಗೆ ಕೊಡಬೇಕು. ಎನ್‌ಡಿಸಿ ಅನ್ನುತ್ತಾರಲ್ಲ, ಅದೇ. ಈ ಸುತ್ತಿನಲ್ಲಿ 2035ರ ಗುರಿ ಹೇಳಬೇಕು. ಇಂಥ ಕೆಲವು ಯೋಜನೆಗಳನ್ನು ಕೂತು ಓದಿದೆ. ಹೆಚ್ಚಿನವುಗಳಲ್ಲಿ ಇರುವುದು ಒಂದೇ ದೊಡ್ಡ ಅಂಕಿ. ಇಂಥ ವರ್ಷದೊಳಗೆ ಒಟ್ಟು ಹೊರಸೂಸುವಿಕೆ ಇಷ್ಟು ಶೇಕಡಾ ಇಳಿಸುತ್ತೇವೆ, ಅಷ್ಟೇ. ಆ ಅಂಕಿಯೊಳಗೆ ಕಾರ್ಬನ್ ಡೈಆಕ್ಸೈಡ್ ಎಷ್ಟು, ಮೀಥೇನ್ ಎಷ್ಟು, ಎಚ್‌ಎಫ್‌ಸಿ (ಎಸಿಯಲ್ಲಿ ತಂಪು ಮಾಡಲು ತುಂಬುವ ಥರದ ಗ್ಯಾಸು) ಎಷ್ಟು ಅಂತ ಹುಡುಕಿದರೆ ಬಹಳ ಕಡೆ ಸಿಗುವುದೇ ಇಲ್ಲ. ಮಸಿಯಂತೂ, ಅಂದರೆ ಬ್ಲ್ಯಾಕ್ ಕಾರ್ಬನ್, ಹೆಚ್ಚಿನ ದೇಶಗಳ ಲೆಕ್ಕಕ್ಕೇ ಬರುವುದಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ಗಾಳಿಯಲ್ಲಿ ಬೇಗ ಕರಗುವ ಈ ಮಾಲಿನ್ಯಕಾರಕಗಳನ್ನು ಒಂದು ಒಟ್ಟು ಮೊತ್ತದೊಳಗೆ ಮುಚ್ಚಿಡಬಾರದು. ಪ್ರತಿಯೊಂದಕ್ಕೂ ಅದರದ್ದೇ ಟನ್ ಲೆಕ್ಕದಲ್ಲಿ ಗುರಿ ಬೇಕು. ಯಾವ ವಲಯದಿಂದ ಎಷ್ಟು, ಯಾವ ವರ್ಷದೊಳಗೆ, ಯಾವ ಇಲಾಖೆ ಹೊಣೆ ಅಂತ ಎನ್‌ಡಿಸಿಯಲ್ಲೇ ಬರೆದಿರಬೇಕು.

ಯಾಕೆ ಅಂದರೆ ಆಯಸ್ಸು. ಕಾರ್ಬನ್ ಡೈಆಕ್ಸೈಡ್ ಒಮ್ಮೆ ಮೇಲೆ ಹೋದರೆ ಅದರ ಒಂದು ಭಾಗ ಸಾವಿರಾರು ವರ್ಷ ಅಲ್ಲೇ ಉಳಿಯುತ್ತದೆ. ಮೀಥೇನ್ ಸುಮಾರು 12 ವರ್ಷ. ಬಳಕೆಯಲ್ಲಿರುವ ಎಚ್‌ಎಫ್‌ಸಿಗಳು ಸರಾಸರಿ 15 ವರ್ಷ. ಮಸಿ ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರ. ಹಾಗಾಗಿ ಇವನ್ನು ಇಳಿಸಿದರೆ ಫಲ ನಾವು ಬದುಕಿರುವಾಗಲೇ ತಾಪಮಾನದಲ್ಲಿ ಕಾಣುತ್ತದೆ. ಮತ್ತೆ ಇವುಗಳ ಪಾಲು ಸಣ್ಣದೇನಲ್ಲ. ಐಪಿಸಿಸಿಯ, ಅಂದರೆ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯ, ಆರನೇ ವರದಿ ಪ್ರಕಾರ 2010ರಿಂದ 2019ರ ಹೊತ್ತಿಗೆ ಆಗಿದ್ದ ಬಿಸಿಯಲ್ಲಿ ಕಾರ್ಬನ್ ಡೈಆಕ್ಸೈಡಿನದ್ದು ಸುಮಾರು 0.8 ಡಿಗ್ರಿ, ಮೀಥೇನಿನದ್ದು ಸುಮಾರು 0.5 ಡಿಗ್ರಿ. (ಇನ್ನೊಂದು ಕಡೆಯಿಂದ ತಂಪು ಮಾಡುವ ಕಣಗಳೂ ಇವೆ, ಆ ವಿಷಯ ಯಾರಾದರೂ ಎತ್ತುತ್ತೀರಿ ಅಂತ ಗೊತ್ತು.)

ಈಗಿನ ಪದ್ಧತಿಯಲ್ಲಿ ಏನಾಗುತ್ತಿದೆ ನೋಡಿ. ಎಲ್ಲ ಅನಿಲಗಳನ್ನೂ 100 ವರ್ಷದ ಅವಧಿಗೆ ಲೆಕ್ಕ ಹಾಕಿ ಕಾರ್ಬನ್ ಡೈಆಕ್ಸೈಡಿಗೆ ಪರಿವರ್ತಿಸುತ್ತಾರೆ. 2018ರಲ್ಲಿ ಪೋಲೆಂಡಿನ ಕಟೊವಿಟ್ಸೆಯ ಹವಾಮಾನ ಸಮ್ಮೇಳನದಲ್ಲಿ ಒಪ್ಪಿದ ನಿಯಮ ಅದು. ಆ ಲೆಕ್ಕದಲ್ಲಿ ಒಂದು ಟನ್ ಮೀಥೇನ್ 28 ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ. ಅದನ್ನೇ 20 ವರ್ಷಕ್ಕೆ ಹಾಕಿದರೆ 80ರ ಆಸುಪಾಸು. ನಾನು ನಿಯಮ ಬದಲಾಯಿಸಿ ಅನ್ನುತ್ತಿಲ್ಲ. ಪರಿವರ್ತನೆ ಮಾಡುವ ಮೊದಲು ಇದ್ದ ಟನ್ನುಗಳನ್ನೂ ಪಕ್ಕದಲ್ಲಿ ಬರೆಯಿರಿ ಅನ್ನುತ್ತಿದ್ದೇನೆ.

ನಿಮಗೇನನ್ನಿಸುತ್ತದೆ?

ಉಸಿರು:

ನಾನು ಆರೋಗ್ಯ ಕ್ಷೇತ್ರದವಳು. ಹವಾಮಾನದ ಕಡೆಯಿಂದ ಅಲ್ಲ, ಎದೆಗೂಡಿನ ಕಡೆಯಿಂದ ಈ ವಿಷಯಕ್ಕೆ ಬಂದೆ.

ಮಸಿ ಅನ್ನುವುದು ಪಿಎಂ 2.5ರ, ಅಂದರೆ ಶ್ವಾಸಕೋಶದ ಆಳಕ್ಕೆ ಇಳಿಯುವ ಅತಿ ಸಣ್ಣ ಕಣಗಳ, ಒಂದು ಭಾಗ. ಡೀಸೆಲ್ ಹೊಗೆ, ಸೌದೆ ಒಲೆ ಹೊಗೆ, ಬಯಲಲ್ಲಿ ಸುಡುವ ಕಸ, ಇವೇ ಮೂಲ. ಮನೆಯೊಳಗಿನ ಹೊಗೆಯಿಂದಲೇ 2020ರಲ್ಲಿ 32 ಲಕ್ಷ ಜನ ಸತ್ತಿದ್ದಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದರಲ್ಲಿ ಐದು ವರ್ಷ ತುಂಬದ ಮಕ್ಕಳು 2.37 ಲಕ್ಷ. ಈ ಮಕ್ಕಳಲ್ಲಿ ಎಷ್ಟೋ ಮಕ್ಕಳು ಸಾಯುವುದು ನ್ಯುಮೋನಿಯಾದಿಂದ. ಹವಾಮಾನ ಬದಲಾವಣೆ ಅನ್ನುವ ವಿಷಯವೇ ಇಲ್ಲದಿದ್ದರೂ ಈ ಹೊಗೆ ನಿಲ್ಲಿಸಬೇಕಿತ್ತು.

ಹಾಗಿದ್ದರೂ ಹೆಚ್ಚಿನ ಎನ್‌ಡಿಸಿಗಳಲ್ಲಿ ಮಸಿ ಇರುವುದಿಲ್ಲ. ಯಾಕೆ ಅಂದರೆ ಅದು ಅನಿಲ ಅಲ್ಲ, ಕಣ. ಹಿಂದಿನ ಕ್ಯೋಟೊ ಹವಾಮಾನ ಒಪ್ಪಂದದ ಕಾಲದಿಂದ ಬಂದ ಅನಿಲಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಪಟ್ಟಿಯಲ್ಲಿಲ್ಲ ಅಂದಮೇಲೆ ವರದಿ ಕೊಡುವ ಹೊಣೆ ಯಾರಿಗೂ ಇಲ್ಲ. ಗಾಳಿ ಮಾಲಿನ್ಯ ಒಂದು ಇಲಾಖೆಯಲ್ಲಿ, ಹವಾಮಾನ ಇನ್ನೊಂದರಲ್ಲಿ, ಒಲೆ ಮತ್ತು ಅಡುಗೆ ಇಂಧನ ಮೂರನೆಯದರಲ್ಲಿ. ಹೊಗೆ ಮಾತ್ರ ಒಂದೇ.

ಮಾಡಲಾಗದ ಕೆಲಸವೇನೂ ಅಲ್ಲ. ಮೆಕ್ಸಿಕೊ 2015ರಲ್ಲೇ ಮಾಡಿ ತೋರಿಸಿತು. ಹಸಿರುಮನೆ ಅನಿಲಗಳಿಗೆ 22 ಶೇಕಡಾ, ಮಸಿಗೆ ಬೇರೆಯಾಗಿ 51 ಶೇಕಡಾ ಅಂತ 2030ಕ್ಕೆ ಎರಡು ಗುರಿ ಬರೆದುಕೊಟ್ಟಿತು. ಚಿಲಿ 2020ರಲ್ಲಿ ಕೊಟ್ಟ ಯೋಜನೆಯಲ್ಲಿ 2016ಕ್ಕೆ ಹೋಲಿಸಿದರೆ ಮಸಿಯನ್ನು ಕನಿಷ್ಠ 25 ಶೇಕಡಾ ಇಳಿಸುವ ಮಾತಿದೆ. ನೈಜೀರಿಯಾ 2019ರಲ್ಲಿ ಇವಕ್ಕೇ ಅಂತ ಒಂದು ರಾಷ್ಟ್ರೀಯ ಯೋಜನೆ ಮಾಡಿ, ಆಮೇಲೆ 2021ರ ಎನ್‌ಡಿಸಿಗೆ ಸೇರಿಸಿಕೊಂಡಿತು. ಈ ಮೂರರಲ್ಲಿ ಒಂದೂ ಶ್ರೀಮಂತ ಯುರೋಪಿನ ದೇಶ ಅಲ್ಲ, ಅದನ್ನೂ ಗಮನಿಸಿ.

ನಿಧಾನಿ:

ನನಗೆ ಈ ವಾದ ಕೇಳಿದಾಗಲೆಲ್ಲ ಒಂದು ಭಯ. ಸರ್ಕಾರಗಳಿಗೆ ಸುಲಭದ ದಾರಿ ತೋರಿಸಿದರೆ ಕಷ್ಟದ ದಾರಿ ಬಿಟ್ಟುಬಿಡುತ್ತವೆ.

ಕಾರ್ಬನ್ ಡೈಆಕ್ಸೈಡ್ ಸಾಲದ ಹಾಗೆ, ಪ್ರತಿ ವರ್ಷ ಹೊಸದು ಹಳೆಯದರ ಮೇಲೆ ಕೂರುತ್ತದೆ. ಅದು ನಿವ್ವಳ ಸೊನ್ನೆಗೆ (ಬಿಡುವಷ್ಟನ್ನೇ ಹೀರಿಕೊಳ್ಳುವ ಮಟ್ಟಕ್ಕೆ) ಬರುವ ತನಕ ಬಿಸಿ ಏರುವುದು ನಿಲ್ಲುವುದಿಲ್ಲ. ಇವತ್ತು ಮೀಥೇನ್ ಇಳಿಸಿದರೆ 2040ರ ಹೊತ್ತಿಗೆ ಸ್ವಲ್ಪ ತಂಪು, ಸರಿ. ಆದರೆ ಅಲ್ಲಿಯ ತನಕದ ವರ್ಷಗಳಲ್ಲಿ ಕಲ್ಲಿದ್ದಲಿನ ಸ್ಥಾವರ ಮುಚ್ಚುವುದನ್ನು ಮುಂದೂಡಿದರೆ ಕೊನೆಗೆ ಸಿಗುವ ಗರಿಷ್ಠ ತಾಪಮಾನ ಮೊದಲಿಗಿಂತ ಜಾಸ್ತಿಯೇ ಇರುತ್ತದೆ. ಮೀಥೇನನ್ನು 2040ರಲ್ಲಿ ಇಳಿಸಿದರೂ ಹೆಚ್ಚುಕಮ್ಮಿ ಅಷ್ಟೇ ತಂಪಾಗುತ್ತದೆ, ತಡವಾಗಿ ಅಷ್ಟೇ. ಕಾರ್ಬನ್ ಡೈಆಕ್ಸೈಡ್ ವಿಷಯದಲ್ಲಿ ತಡ ಮಾಡಿದ್ದು ತಡವೇ. ಹೊಸ ಗುರಿಗಳ ಸಾಲು ಬರೆದು ಮುಖ್ಯವಾದದ್ದು ಮಸುಕಾಗಬಾರದು.

ಕಡತ:

@ನಿಧಾನಿ ನಿಮ್ಮ ಭಯ ನಿಜವಾದದ್ದು. ಆದರೆ ಅದೇ ಕಾರಣಕ್ಕೆ ನಾನು ಬೇರೆ ಗುರಿ ಕೇಳುತ್ತಿರುವುದು.

ಈಗಿನ ಒಂದೇ ಅಂಕಿಯಲ್ಲಿ ಅದಲು ಬದಲು ಮಾಡಲು ಯಾವ ತಡೆಯೂ ಇಲ್ಲ. ಲ್ಯಾಂಡ್‌ಫಿಲ್ (ಊರಿನ ಕಸ ಸುರಿಯುವ ಗುಡ್ಡೆ) ಅನಿಲ ಹಿಡಿದದ್ದಕ್ಕೆ ಅಂಕ ಹಾಕಿಕೊಂಡು, ಪರಿವರ್ತನೆಯ ಲೆಕ್ಕದಲ್ಲಿ ಅದಕ್ಕೆ ಸಮನಾದಷ್ಟು ಕಲ್ಲಿದ್ದಲು ಹೊಗೆಯನ್ನು ಬಿಡಬಹುದು. ಒಟ್ಟು ಮೊತ್ತ ಸರಿಹೋಗುತ್ತದೆ, ಯಾರಿಗೂ ಕಾಣುವುದಿಲ್ಲ. ಹನ್ನೆರಡು ವರ್ಷ ಇರುವ ಅನಿಲ ಕೊಟ್ಟು ಸಾವಿರ ವರ್ಷ ಇರುವ ಅನಿಲ ಕೊಂಡ ಹಾಗಾಯಿತಲ್ವಾ? ಕಾರ್ಬನ್ ಡೈಆಕ್ಸೈಡಿಗೆ ಒಂದು ಗುರಿ, ಮೀಥೇನಿಗೆ ಇನ್ನೊಂದು, ಒಂದರ ಉಳಿತಾಯ ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ ಅಂತ ಬರೆದಿಟ್ಟರೆ ನೀವು ಹೇಳುವ ಆಟ ನಡೆಯುವುದಿಲ್ಲ.

ಚೀನಾದ ಉದಾಹರಣೆ ತಗೊಳ್ಳಿ. ಅವರ ಹಿಂದಿನ ಯೋಜನೆಯ ಮುಖ್ಯ ಗುರಿಗಳು ಕಾರ್ಬನ್ ಡೈಆಕ್ಸೈಡಿಗೆ ಮಾತ್ರ. 2035ರ ಗುರಿಯಲ್ಲಿ ಎಲ್ಲ ಹಸಿರುಮನೆ ಅನಿಲಗಳನ್ನೂ ಸೇರಿಸಿ ಗರಿಷ್ಠ ಮಟ್ಟದಿಂದ 7ರಿಂದ 10 ಶೇಕಡಾ ಇಳಿಕೆ ಅಂದಿದ್ದಾರೆ. ಬೇರೆ ಅನಿಲಗಳು ಒಳಗೆ ಬಂದದ್ದು ದೊಡ್ಡ ಹೆಜ್ಜೆ, ಖುಷಿಯಾಯಿತು. ಆದರೆ ಆ ಒಂದೇ ಅಂಕಿಯಿಂದ ಕಲ್ಲಿದ್ದಲು ಗಣಿಯ ಮೀಥೇನ್ ಎಷ್ಟು ಇಳಿಯುತ್ತದೆ ಅಂತ ಹೇಳಲು ಆಗುವುದಿಲ್ಲ.

ಗದ್ದೆಬದು:

ನಾನು ಕೃಷಿ ವಿಸ್ತರಣೆಯಲ್ಲಿ ಕೆಲಸ ಮಾಡುವವನು. ಮೀಥೇನ್ ಗುರಿ ಅಂದ ತಕ್ಷಣ ಎಲ್ಲರ ಕಣ್ಣು ಹಸು ಮತ್ತು ಭತ್ತದ ಮೇಲೆ ಬೀಳುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಮನುಷ್ಯರಿಂದ ಬರುವ ಮೀಥೇನಿನಲ್ಲಿ ಕೃಷಿಯದ್ದು ಸುಮಾರು 40 ಶೇಕಡಾ, ಕಲ್ಲಿದ್ದಲು ತೈಲ ಅನಿಲದ್ದು 35, ಕಸ ಮತ್ತು ಕೊಳಚೆ ನೀರಿನದ್ದು 20. ಕೃಷಿಯ ಪಾಲು ದೊಡ್ಡದು, ಸುಳ್ಳಲ್ಲ. ಆದರೆ ತೈಲ ಬಾವಿಯಲ್ಲಿ ಒಂದು ಕವಾಟ ಬದಲಾಯಿಸಿದರೆ ಅನಿಲ ಉಳಿಯುತ್ತದೆ, ಅದನ್ನು ಮಾರಬಹುದು. ಕೋಟಿಗಟ್ಟಲೆ ಸಣ್ಣ ರೈತರ ಅಭ್ಯಾಸ ಬದಲಾಯಿಸುವುದು ಅಷ್ಟು ಸಲೀಸಲ್ಲ.

ಭತ್ತದ್ದೇ ಹೇಳುತ್ತೇನೆ. ಗದ್ದೆಯಲ್ಲಿ ನೀರು ನಿಂತಿದ್ದರೆ ಮಣ್ಣಿಗೆ ಗಾಳಿ ಸಿಗುವುದಿಲ್ಲ, ಆಗ ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಮಾಡುತ್ತವೆ. ಆ ಮೀಥೇನಿನಲ್ಲಿ ಹೆಚ್ಚಿನದ್ದು ಪೈರಿನ ದಂಟಿನೊಳಗಿಂದಲೇ ಮೇಲೆ ಬರುತ್ತದೆ. ನೀರನ್ನು ಮಧ್ಯೆ ಮಧ್ಯೆ ಇಳಿಸಿದರೆ ಮೀಥೇನ್ ಅರ್ಧದಷ್ಟು ಕಮ್ಮಿಯಾಗಬಹುದು. ಇದಕ್ಕೆ ಬೇಕಿರುವುದು ಒಂದು ತುಂಡು ಪೈಪು. ಸುತ್ತ ತೂತು ಕೊರೆದು ಗದ್ದೆಯಲ್ಲಿ ಹೂಳುತ್ತೇವೆ. ಒಳಗಿನ ಮಣ್ಣು ತೆಗೆದು ಇಣುಕಿದರೆ ನೆಲದೊಳಗೆ ನೀರು ಎಲ್ಲಿದೆ ಅಂತ ಕಾಣುತ್ತದೆ. ಮೇಲ್ಮಣ್ಣಿಗಿಂತ 15 ಸೆಂಟಿಮೀಟರ್ ಕೆಳಗೆ ಹೋಗುವ ತನಕ ನೀರು ಬಿಡುವ ಅಗತ್ಯ ಇಲ್ಲ. ಬೇರಿಗೆ ಅಲ್ಲಿ ತನಕ ಪಸೆ ಸಿಗುತ್ತದೆ. ನಾಟಿಯಾದ ಮೊದಲ ಒಂದೆರಡು ವಾರ ಮತ್ತು ಹೂ ಬರುವ ಹೊತ್ತಿನಲ್ಲಿ ಮಾತ್ರ ನೀರು ನಿಂತಿರಬೇಕು.

ಇಷ್ಟು ಸುಲಭ ಇದ್ದೂ ಯಾಕೆ ಎಲ್ಲ ಕಡೆ ಹಬ್ಬಲಿಲ್ಲ? ಪಂಪು ಓಡಿಸಿ ನೀರೆತ್ತುವವರಿಗೆ ಇಂಧನದ ಖರ್ಚು ಉಳಿಯುತ್ತದೆ, ಅವರು ಒಪ್ಪುತ್ತಾರೆ. ಕಾಲುವೆ ನೀರು ಸರದಿ ಮೇಲೆ ಬರುವ ಕಡೆ ರೈತನಿಗೆ ಏನು ಲಾಭ? ಇವತ್ತು ಬಿಟ್ಟರೆ ಮುಂದಿನ ಸರದಿ ಯಾವಾಗಲೋ. ಸಿಕ್ಕಾಗ ತುಂಬಿಸಿಕೊಳ್ಳುತ್ತಾನೆ. ಅಂದರೆ ಭತ್ತದ ಮೀಥೇನ್ ಇಳಿಯಬೇಕಾದರೆ ಬದಲಾಗಬೇಕಾದದ್ದು ಕಾಲುವೆ ಬಿಡುವ ವೇಳಾಪಟ್ಟಿ, ಅದು ನೀರಾವರಿ ಇಲಾಖೆಯ ಕೈಯಲ್ಲಿದೆ. ಎನ್‌ಡಿಸಿಯಲ್ಲಿ ಸುಮ್ನೆ ಭತ್ತದಿಂದ ಇಷ್ಟು ಇಳಿಕೆ ಅಂತ ಬರೆದು ಹೊಣೆಯನ್ನು ರೈತನ ತಲೆಗೆ ಕಟ್ಟಿದರೆ ಅದು ಅನ್ಯಾಯ. ಬರೆಯುವುದಾದರೆ ಇಷ್ಟು ಎಕರೆಗೆ ಸರದಿ ಬದಲಾಯಿಸುತ್ತೇವೆ ಅಂತ ಬರೆಯಿರಿ.

ಇನ್ನೊಂದು, ನೀರು ಆರಿಸಿ ತುಂಬಿಸಿ ಮಾಡಿದಾಗ ನೈಟ್ರಸ್ ಆಕ್ಸೈಡ್ ಸ್ವಲ್ಪ ಏರುತ್ತದೆ. ಅದೂ ಹಸಿರುಮನೆ ಅನಿಲ. ಸಾರಜನಕ ಗೊಬ್ಬರ ಹದವಾಗಿ ಕೊಟ್ಟರೆ ನಷ್ಟಕ್ಕಿಂತ ಲಾಭ ಜಾಸ್ತಿ, ಆದರೆ ಲೆಕ್ಕದಲ್ಲಿ ಅದನ್ನೂ ತೋರಿಸಬೇಕು.

ಲೆಕ್ಕಿಗ:

ಗದ್ದೆಬದು ಅವರು ಮುಖ್ಯವಾದ ಕಡೆಗೇ ಬಂದರು. ನಾನು ಹೊರಸೂಸುವಿಕೆಯ ಇನ್ವೆಂಟರಿ, ಅಂದರೆ ಎಲ್ಲಿಂದ ಎಷ್ಟು ಅನಿಲ ಬಂತು ಅನ್ನುವ ದೇಶದ ಲೆಕ್ಕಪಟ್ಟಿ, ತಯಾರಿಸುವ ಕೆಲಸದಲ್ಲಿದ್ದೇನೆ. ಗುರಿ ಬರೆಯುವುದಕ್ಕಿಂತ ಮೊದಲು ನೋಡಬೇಕಾದದ್ದು ನಮ್ಮ ಲೆಕ್ಕಕ್ಕೆ ಬದಲಾವಣೆ ಕಾಣುತ್ತದಾ ಅನ್ನುವುದು.

ಐಪಿಸಿಸಿ ವಿಧಾನದಲ್ಲಿ ಮೂರು ಹಂತ ಇವೆ. ಮೊದಲ ಹಂತ ಅಂದರೆ ಟಿಯರ್ 1. ಹಸುಗಳ ಸಂಖ್ಯೆಯನ್ನು ಒಂದು ನಿಗದಿತ ಅಂಕಿಯಿಂದ ಗುಣಿಸಿದರೆ ಮೀಥೇನ್ ಬಂತು. ಈಗ ಒಬ್ಬ ರೈತ ಒಳ್ಳೇ ಮೇವು ಹಾಕಿ, ಪಶುವೈದ್ಯರನ್ನು ಕರೆಸಿ, ಮೊದಲು ಮೂರು ಹಸು ಕೊಡುತ್ತಿದ್ದ ಹಾಲನ್ನು ಎರಡರಲ್ಲೇ ಪಡೆದ ಅನ್ನಿ. ಮೂರನೆಯದನ್ನು ಮಾರಿದರೆ ಅಷ್ಟು ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಸು ಅಷ್ಟೇ ಇಟ್ಟುಕೊಂಡು ಮೇವು ಮಾತ್ರ ಬದಲಾಯಿಸಿದರೆ, ಹೊಟ್ಟೆಯಿಂದ ತೇಗಿ ಬರುವ ಮೀಥೇನ್ ಹೆಚ್ಚಾಗಲಿ ಕಮ್ಮಿಯಾಗಲಿ ಟಿಯರ್ 1 ಲೆಕ್ಕದಲ್ಲಿ ಒಂದು ಕೆಜಿಯೂ ಅಲುಗಾಡುವುದಿಲ್ಲ. ದೇಶ ದುಡ್ಡು ಸುರಿದು ಕಾರ್ಯಕ್ರಮ ಮಾಡುತ್ತದೆ, ವರದಿಯಲ್ಲಿ ಫಲ ಸೊನ್ನೆ. ಮುಂದಿನ ವರ್ಷ ಹಣಕಾಸು ಇಲಾಖೆ ಅದನ್ನು ನಿಲ್ಲಿಸುತ್ತದೆ. ಇದು ಎಷ್ಟು ಬೇಸರದ ಸಂಗತಿ ಅಂತ ಒಳಗೆ ಕೆಲಸ ಮಾಡುವವರಿಗೇ ಗೊತ್ತು.

ಹಾಗಾಗಿ ಮೀಥೇನ್ ಗುರಿ ಬರೆಯುವ ದೇಶ ಅದರ ಪಕ್ಕದಲ್ಲೇ ದನಕರುಗಳಿಗೆ ಟಿಯರ್ 2ಗೆ ಯಾವಾಗ ಹೋಗುತ್ತೇವೆ ಅಂತಲೂ ಬರೆಯಬೇಕು. ಟಿಯರ್ 2ರಲ್ಲಿ ತೂಕ, ಮೇವಿನ ಗುಣಮಟ್ಟ, ಹಾಲಿನ ಪ್ರಮಾಣ ಎಲ್ಲ ಬೇಕು. ಅದಕ್ಕೆ ಸರ್ವೆ ಬೇಕು, ಜನ ಬೇಕು, ಸಂಬಳ ಬೇಕು.

ಕಸದ್ದು ಇನ್ನೊಂದು ಥರ. ಲ್ಯಾಂಡ್‌ಫಿಲ್ಲಿಗೆ ಇವತ್ತು ಸುರಿದ ಹಸಿ ಕಸ ಹತ್ತಾರು ವರ್ಷ ಕೊಳೆಯುತ್ತಾ ಮೀಥೇನ್ ಬಿಡುತ್ತದೆ. ಗಾಳಿಯಲ್ಲಿ ಮೀಥೇನಿನ ಆಯಸ್ಸು ಕಮ್ಮಿ, ಆದರೆ ಕಸದ ಗುಡ್ಡೆಯ ಆಯಸ್ಸು ಕಮ್ಮಿ ಅಲ್ಲ. ನಾಳೆಯಿಂದ ಎಲ್ಲ ಹಸಿ ಕಸ ಗೊಬ್ಬರಕ್ಕೆ ಹೋದರೂ 2030ರ ಅಂಕಿ ಸ್ವಲ್ಪವೇ ಇಳಿಯುತ್ತದೆ, 2040ರಲ್ಲಿ ಚೆನ್ನಾಗಿ ಇಳಿಯುತ್ತದೆ. ಬೇಗ ಫಲ ಬೇಕಾದರೆ ಹಳೆಯ ಗುಡ್ಡೆಗೆ ಪೈಪು ಇಳಿಸಿ ಅನಿಲ ಎಳೆಯಬೇಕು, ಮೇಲೆ ಒಳ್ಳೇ ಮಣ್ಣಿನ ಹೊದಿಕೆ ಬೇಕು. ಆ ಹೊದಿಕೆಯಲ್ಲಿ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾಗಳು ಇರುತ್ತವೆ. ಬೇಸಿಗೆಯಲ್ಲಿ ಮಣ್ಣು ಒಣಗಿ ಬಿರುಕು ಬಿಟ್ಟರೆ ಅನಿಲ ಅವುಗಳ ಕೈಗೆ ಸಿಗದೆ ಬಿರುಕಿನಿಂದ ನೇರ ಹೊರಗೆ. ಇಂಥ ಜಾಗಗಳನ್ನು ಮೀಟರ್ ಹಿಡಿದು ನಡೆಯುತ್ತಾ ಹುಡುಕಬೇಕು, ಕಚೇರಿಯಲ್ಲಿ ಕೂತು ಗುಣಾಕಾರ ಮಾಡಿದರೆ ಸಿಗುವುದಿಲ್ಲ.

ತೈಲ ಅನಿಲದಲ್ಲೂ ಹಾಗೇ. ಬಾವಿ ಪಕ್ಕ ಹೆಚ್ಚುವರಿ ಅನಿಲ ಸುಡುವ ಫ್ಲೇರ್ ಇರುತ್ತದಲ್ಲ, ಅದು 98 ಶೇಕಡಾ ಮೀಥೇನ್ ಸುಡುತ್ತದೆ ಅಂತ ಲೆಕ್ಕದಲ್ಲಿ ಹಿಡಿಯುವುದು ರೂಢಿ. 2022ರಲ್ಲಿ ಅಮೆರಿಕದ ತೈಲ ಪ್ರದೇಶಗಳ ಮೇಲೆ ವಿಮಾನದಿಂದ ಅಳೆದು ನೋಡಿದಾಗ ಸಿಕ್ಕಿದ್ದು ಸುಮಾರು 91 ಶೇಕಡಾ. ಕೆಲವು ಕಡೆ ಬೆಂಕಿಯೇ ಆರಿಹೋಗಿತ್ತು. ಸುಡದೆ ಉಳಿದದ್ದು 2 ಶೇಕಡಾ ಅಂತ ಬರೆದಿದ್ದು 9 ಆದರೆ ನಾಲ್ಕು ಪಟ್ಟಿಗಿಂತ ಜಾಸ್ತಿ.

ಓದುಗ:

ಒಂದು ಸಣ್ಣ ಪ್ರಶ್ನೆ. ಬೇಗ ಕರಗುವ ಈ ಮಾಲಿನ್ಯಕಾರಕಗಳ ಪಟ್ಟಿಯಲ್ಲಿ ಓಜೋನ್ ಕೂಡ ಇದೆ ಅಂತ ಓದಿದ್ದೆ. ಓಜೋನ್ ಒಳ್ಳೇದಲ್ವಾ?

ಮೋಡ:

@ಓದುಗ ಮೇಲೆ ಇದ್ದರೆ ಒಳ್ಳೇದು, ನೇರಳಾತೀತ ಕಿರಣ ತಡೆಯುತ್ತದೆ. ನಾವು ಉಸಿರಾಡುವ ಮಟ್ಟದಲ್ಲಿದ್ದರೆ ಶ್ವಾಸಕೋಶಕ್ಕೂ ಬೆಳೆಗೂ ಹಾನಿ, ಬಿಸಿಯನ್ನೂ ಹಿಡಿದಿಡುತ್ತದೆ. ಅದನ್ನು ಯಾರೂ ಚಿಮಣಿಯಿಂದ ಬಿಡುವುದಿಲ್ಲ. ಮೀಥೇನ್, ಕಾರ್ಬನ್ ಮೊನಾಕ್ಸೈಡ್, ವಾಹನದ ನೈಟ್ರೋಜನ್ ಆಕ್ಸೈಡ್ ಇಂಥವು ಬಿಸಿಲಿನಲ್ಲಿ ಸೇರಿ ಅದಾಗುತ್ತದೆ. ಅದಕ್ಕೇ ಮೀಥೇನ್ ಇಳಿಸಿದರೆ ಬೆಳೆಗೂ ಲಾಭ. 2021ರ ಜಾಗತಿಕ ಮೀಥೇನ್ ಮೌಲ್ಯಮಾಪನದಲ್ಲಿ ಹೇಳಿದ್ದು ನೆನಪಿಸಿಕೊಳ್ಳಿ: 2030ರೊಳಗೆ ಮನುಷ್ಯ ಮೂಲದ ಮೀಥೇನನ್ನು 45 ಶೇಕಡಾ ಇಳಿಸಿದರೆ 2040ರ ದಶಕಕ್ಕೆ ಸುಮಾರು 0.3 ಡಿಗ್ರಿ ಬಿಸಿ ತಪ್ಪುತ್ತದೆ, ಜೊತೆಗೆ ವರ್ಷಕ್ಕೆ 2.6 ಕೋಟಿ ಟನ್ ಬೆಳೆ ನಷ್ಟ ಮತ್ತು 2.55 ಲಕ್ಷ ಅಕಾಲ ಸಾವು ತಪ್ಪುತ್ತದೆ. ಈ ಲಾಭಗಳಲ್ಲಿ ಬಹಳಷ್ಟು ಓಜೋನ್ ಇಳಿಯುವುದರಿಂದ ಬರುವಂಥವು.

ಈಗ ಕಡತ ಅವರು ಬ್ರಾಕೆಟ್ಟಿನಲ್ಲಿ ಬಿಟ್ಟ ವಿಷಯಕ್ಕೆ ಬರುತ್ತೇನೆ. ಹೊಗೆಯಲ್ಲಿ ಮಸಿ ಒಂದೇ ಇರುವುದಿಲ್ಲ. ಬಿಳಿಚಿದ ಸಾವಯವ ಕಣಗಳು, ಗಂಧಕದ ಕಣಗಳು ಕೂಡ ಇರುತ್ತವೆ, ಅವು ಬಿಸಿಲನ್ನು ವಾಪಸ್ ಕಳಿಸಿ ತಂಪು ಮಾಡುತ್ತವೆ. ಗಂಧಕದ ಹೊಗೆಯೊಂದೇ ಸುಮಾರು 0.5 ಡಿಗ್ರಿ ಬಿಸಿಯನ್ನು ಮರೆಮಾಚಿದೆ ಅಂತ ಅದೇ ಐಪಿಸಿಸಿ ವರದಿ ಹೇಳುತ್ತದೆ. ಜನ ಸಾಯುವುದು ತಪ್ಪಬೇಕಾದರೆ ಆ ಹೊಗೆ ಹೋಗಲೇಬೇಕು. ಹೋದಾಗ ಮುಚ್ಚಿದ್ದ ಬಿಸಿ ಹೊರಗೆ ಬರುತ್ತದೆ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಮಸಿ ಇಳಿಸುವ ಗುರಿಯಲ್ಲಿ ಎಲ್ಲ ಹೊಗೆಯೂ ಒಂದೇ ಅಲ್ಲ. ಹಳೆ ಡೀಸೆಲ್ ಎಂಜಿನ್ನಿನ ಹೊಗೆಯಲ್ಲಿ ಮಸಿಯ ಪಾಲು ಜಾಸ್ತಿ, ಅಲ್ಲಿ ಫಿಲ್ಟರ್ ಹಾಕಿದರೆ ಹವಾಮಾನಕ್ಕೂ ಲಾಭ ಖಚಿತ. ಬಯಲಲ್ಲಿ ಸುಡುವ ಹುಲ್ಲಿನ ಹೊಗೆಯಲ್ಲಿ ತಂಪು ಮಾಡುವ ಕಣಗಳೂ ಜಾಸ್ತಿ, ಅಲ್ಲಿ ಆರೋಗ್ಯದ ಲಾಭ ದೊಡ್ಡದು, ತಾಪಮಾನದ ಲಾಭ ಅಷ್ಟು ಖಚಿತ ಅಲ್ಲ. ಹಿಮ ಇರುವ ಕಡೆಗೆ ತೇಲಿ ಹೋಗುವ ಹೊಗೆಯ ಕಥೆಯೇ ಬೇರೆ, ಬಿಳಿ ಹಿಮದ ಮೇಲೆ ಕೂತ ಮಸಿ ಬಿಸಿಲನ್ನು ಹೀರಿ ಹಿಮ ಬೇಗ ಕರಗಿಸುತ್ತದೆ. ಎರಡನೆಯದು, ಗಾಳಿ ಶುದ್ಧ ಮಾಡುವ ದೇಶ ಅದೇ ಹೊತ್ತಿಗೆ ಮೀಥೇನನ್ನೂ ಗಟ್ಟಿಯಾಗಿ ಇಳಿಸಬೇಕು. ಹೊಗೆ ಹೋದಾಗ ಹೊರಬರುವ ಬಿಸಿಯನ್ನು ಅಷ್ಟೇ ಬೇಗ ಸರಿದೂಗಿಸುವ ದಾರಿ ನಮ್ಮ ಕೈಯಲ್ಲಿರುವುದು ಮುಖ್ಯವಾಗಿ ಅದೇ. ಎರಡೂ ಒಂದೇ ಯೋಜನೆಯಲ್ಲಿ ಇರಬೇಕು ಅನ್ನುವುದಕ್ಕೆ ನನ್ನ ಕಾರಣ ಇದು.

ಕೂಲಿಂಗ್‌ಮೆಕ್ಯಾನಿಕ್:

ಎಚ್‌ಎಫ್‌ಸಿ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಬರೆಯುತ್ತೇನೆ. ದಿನಾ ಕೈಯಲ್ಲಿ ಹಿಡಿಯುವ ಗ್ಯಾಸು ಅದು.

ಎಸಿಯಲ್ಲಿ ಬರುತ್ತಿದ್ದ ಆರ್-410ಎ ಗ್ಯಾಸು ಒಂದು ಕೆಜಿ ಹೊರಗೆ ಹೋದರೆ 100 ವರ್ಷದ ಲೆಕ್ಕದಲ್ಲಿ ಸುಮಾರು 2000 ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು. ಈಗ ಬರುವ ಆರ್-32 ಸುಮಾರು 675. ಪ್ರೊಪೇನ್, ಅಂದರೆ ಆರ್-290, ಒಂದಂಕಿ. ಅದು ಹೊತ್ತಿಕೊಳ್ಳುವ ಗ್ಯಾಸು, ತರಬೇತಿ ಇಲ್ಲದವರು ಮುಟ್ಟಬಾರದು.

ಎಚ್‌ಎಫ್‌ಸಿ ಇಳಿಸುವ ಅಂತರರಾಷ್ಟ್ರೀಯ ಒಪ್ಪಂದ, ಅಂದರೆ ಕಿಗಾಲಿ ತಿದ್ದುಪಡಿ, 2016ರಲ್ಲೇ ಆಯಿತಲ್ಲ, ಶ್ರೀಮಂತ ದೇಶಗಳು 2036ರೊಳಗೆ 85 ಶೇಕಡಾ ಇಳಿಸಬೇಕು, ಉಳಿದವರಿಗೆ 2045, 2047ರ ತನಕ ಸಮಯ ಇದೆ, ಎನ್‌ಡಿಸಿಯಲ್ಲಿ ಮತ್ತೆ ಯಾಕೆ ಅಂತ ಕೇಳುವವರಿದ್ದಾರೆ. ಯಾಕೆ ಅಂದರೆ ಕಿಗಾಲಿ ನೋಡುವುದು ಎಷ್ಟು ಗ್ಯಾಸು ತಯಾರಾಯಿತು, ಎಷ್ಟು ಬಳಕೆಗೆ ಹೋಯಿತು ಅಂತ. ಈಗಾಗಲೇ ಗೋಡೆ ಮೇಲೆ ಕೂತಿರುವ ಮಿಷಿನ್ನುಗಳೊಳಗಿನ ಗ್ಯಾಸಿಗೆ ಅದರಲ್ಲಿ ಗುರಿ ಇಲ್ಲ. ಅದು ಸೋರಿದಾಗ, ಗುಜರಿಗೆ ಹೋದಾಗ ಗಾಳಿಗೆ ಸೇರುತ್ತದೆ.

ಹೇಗೆ ಸೇರುತ್ತದೆ ಅಂತ ಹೇಳುತ್ತೇನೆ. ಹಳೇ ಎಸಿ ಬಿಚ್ಚುವಾಗ ಗ್ಯಾಸನ್ನು ರಿಕವರಿ ಮಿಷಿನ್ನಿನಿಂದ ಸಿಲಿಂಡರಿಗೆ ಎಳೆಯಬೇಕು, ಅದು ನಿಯಮ. ಅದಕ್ಕೆ ಮಿಷಿನ್ ಬೇಕು, ಖಾಲಿ ಸಿಲಿಂಡರ್ ಬೇಕು, ಸಮಯ ಬೇಕು. ತುಂಬಿದ ಸಿಲಿಂಡರನ್ನು ತಗೊಳ್ಳುವವರು ಬೇಕು. ಗಿರಾಕಿ ಇದಕ್ಕೆ ದುಡ್ಡು ಕೊಡುವುದಿಲ್ಲ. ಹಾಗಾಗಿ ಎಷ್ಟೋ ಜನ ವಾಲ್ವ್ ತಿರುಗಿಸುತ್ತಾರೆ, ಬುಸ್ ಅಂತ ಒಂದೆರಡು ನಿಮಿಷ, ಮುಗಿಯಿತು. ಸೋರಿಕೆಯೂ ಅಷ್ಟೇ. ತಾಮ್ರದ ಪೈಪು ಕೂಡುವ ನಟ್ಟಿಗೆ ಸೋಪಿನ ನೊರೆ ಹಚ್ಚಿದರೆ ಸಣ್ಣ ಗುಳ್ಳೆ ಏಳುತ್ತದೆ, ಅಲ್ಲೇ ಸೋರಿಕೆ. ಪೈಪಿನ ತುದಿ ಅರಳಿಸಿದ್ದು ಸರಿಯಿಲ್ಲ ಅಂತ ಅರ್ಥ. ಅದನ್ನು ಕತ್ತರಿಸಿ ಹೊಸದಾಗಿ ಮಾಡದೆ ಸುಮ್ನೆ ಗ್ಯಾಸು ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಖಾಲಿ.

ನನ್ನ ಕೋರಿಕೆ ಇಷ್ಟು. ಎನ್‌ಡಿಸಿಯಲ್ಲಿ ಎಚ್‌ಎಫ್‌ಸಿ ಅಂತ ಬರೆದರೆ ಅದರಲ್ಲಿ ಗ್ಯಾಸು ವಾಪಸ್ ಪಡೆಯುವ ಕೇಂದ್ರಗಳು, ಮೆಕ್ಯಾನಿಕ್‌ಗಳ ತರಬೇತಿ, ತಂದುಕೊಟ್ಟ ಪ್ರತಿ ಕೆಜಿಗೆ ಹಣ, ಇವೂ ಬರಲಿ.

ನಿಧಾನಿ:

@ಕೂಲಿಂಗ್‌ಮೆಕ್ಯಾನಿಕ್ ಅವರ ಪೋಸ್ಟ್ ತುಂಬಾ ಉಪಯುಕ್ತ. @ಕಡತ ನಿಮ್ಮ ಅದಲು ಬದಲಿನ ವಾದಕ್ಕೆ ತೂಕ ಇದೆ. ಆದರೆ ಬೇರೆ ಗುರಿ ಬರೆದ ಮಾತ್ರಕ್ಕೆ ಅದು ಉಳಿಯುತ್ತದೆ ಅನ್ನುವ ಖಾತ್ರಿ ಇಲ್ಲ. ನ್ಯೂಜಿಲೆಂಡ್ 2019ರ ಕಾಯ್ದೆಯಲ್ಲೇ ಮೀಥೇನಿಗೆ ಪ್ರತ್ಯೇಕ ಗುರಿ ಇಟ್ಟಿತ್ತು. ಜೈವಿಕ ಮೂಲದ (ದನಕರು, ಕಸದಂಥವುಗಳಿಂದ ಬರುವ) ಮೀಥೇನ್ 2017ಕ್ಕೆ ಹೋಲಿಸಿ 2050ರೊಳಗೆ 24ರಿಂದ 47 ಶೇಕಡಾ ಇಳಿಕೆ ಅಂತ. 2025ರಲ್ಲಿ ಸರ್ಕಾರ ಅದನ್ನು 14ರಿಂದ 24ಕ್ಕೆ ಇಳಿಸುವ ತೀರ್ಮಾನ ಪ್ರಕಟಿಸಿತು. ಮೀಥೇನಿನಿಂದ ಹೊಸದಾಗಿ ಬಿಸಿ ಏರದಿದ್ದರೆ ಸಾಕು ಅನ್ನುವ ವಾದದ ಮೇಲೆ. ಅಂದರೆ ಈಗಾಗಲೇ ಆಗಿರುವ ಬಿಸಿಯನ್ನು ಹಾಗೇ ಉಳಿಸಿಕೊಳ್ಳುವ ಹಕ್ಕು ದೊಡ್ಡ ಹಿಂಡು ಇರುವವರಿಗೆ ಸಿಕ್ಕಿಬಿಡುತ್ತದೆ. ಬೇಗ ಕರಗುತ್ತದೆ ಅನ್ನುವ ಗುಣವನ್ನೇ ಹಿಡಿದುಕೊಂಡು ಕಮ್ಮಿ ಕೆಲಸ ಮಾಡಬಹುದು ಅಂತಾಯಿತು.

2021ರ ಗ್ಲಾಸ್ಗೋ ಸಮ್ಮೇಳನದ ಮೀಥೇನ್ ಪ್ರತಿಜ್ಞೆ ನೋಡಿ. 150ಕ್ಕೂ ಹೆಚ್ಚು ದೇಶಗಳು ಸೇರಿವೆ, 2020ರ ಮಟ್ಟದಿಂದ 2030ರೊಳಗೆ 30 ಶೇಕಡಾ ಇಳಿಕೆ. ಆದರೆ ಅದು ಎಲ್ಲರೂ ಸೇರಿ ಇಳಿಸುವ ಗುರಿ. ಯಾರ ಪಾಲು ಎಷ್ಟು ಅಂತ ಎಲ್ಲೂ ಇಲ್ಲ. ಚೀನಾ, ಭಾರತ, ರಷ್ಯಾ ಸೇರಿಯೂ ಇಲ್ಲ. ಕೇಳುವವರು ಯಾರು?

ಕಡತ:

@ನಿಧಾನಿ ನ್ಯೂಜಿಲೆಂಡ್ ವಿಷಯ ಎತ್ತಿದ್ದು ಒಳ್ಳೇದಾಯಿತು. ಆ ತೀರ್ಮಾನ ನನಗೂ ಹಿಡಿಸಲಿಲ್ಲ. ಆದರೆ ಗಮನಿಸಿ, ಗುರಿ ಇಳಿಸಿದ್ದು ನಮಗೆ ಕಂಡಿದ್ದು ಯಾಕೆ? ಅದು ಬೇರೆಯಾಗಿ ಬರೆದಿತ್ತು. ರೈತರು, ವಿಜ್ಞಾನಿಗಳು, ವಿರೋಧ ಪಕ್ಷ ಎಲ್ಲರೂ ಆ ಅಂಕಿ ಹಿಡಿದು ಜಗಳ ಆಡಿದರು. ಒಟ್ಟು ಮೊತ್ತದೊಳಗೆ ಸೇರಿಸಿಬಿಟ್ಟಿದ್ದರೆ ಸದ್ದಿಲ್ಲದೆ ಆಗಿಹೋಗುತ್ತಿತ್ತು.

ಪ್ರತಿಜ್ಞೆಗೂ ಎನ್‌ಡಿಸಿಗೂ ಇರುವ ವ್ಯತ್ಯಾಸ ಅದೇ. ಪ್ರತಿಜ್ಞೆ ಮಾಡಿದವರು ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಎನ್‌ಡಿಸಿಯಲ್ಲಿ ಬರೆದರೆ ಎರಡು ವರ್ಷಕ್ಕೊಮ್ಮೆ ಕೊಡುವ ಪಾರದರ್ಶಕತೆ ವರದಿಯಲ್ಲಿ ಪ್ರಗತಿ ತೋರಿಸಬೇಕು, ಹೊರಗಿನ ತಜ್ಞರು ಅದನ್ನು ಪರಿಶೀಲಿಸುತ್ತಾರೆ. ಮೊದಲ ವರದಿಗಳಿಗೆ 2024ರ ಡಿಸೆಂಬರ್ 31 ಗಡುವಾಗಿತ್ತು. ದಂಡ ಗಿಂಡ ಏನಿಲ್ಲ, ಒಪ್ಪುತ್ತೇನೆ. ಆದರೆ ಕಾಗದದ ಮೇಲೆ ಅಂಕಿ ಇರುತ್ತದೆ. ಈಗ ಆಕಾಶದಿಂದಲೂ ನೋಡುವವರಿದ್ದಾರೆ. 2017ರಲ್ಲಿ ಹಾರಿದ ಸೆಂಟಿನೆಲ್-5ಪಿ ಉಪಗ್ರಹದ ಮಾಹಿತಿಯಿಂದ ದೊಡ್ಡ ಸೋರಿಕೆಗಳು ಕಾಣುತ್ತವೆ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಅಂಥ ಕಡೆಗೆ ಎಚ್ಚರಿಕೆ ಕಳಿಸುತ್ತದೆ. ದೇಶ ಬರೆದ ಟನ್ನು ಮತ್ತು ಉಪಗ್ರಹ ಕಂಡ ಟನ್ನು ಪಕ್ಕಪಕ್ಕ ಇಟ್ಟು ನೋಡಬೇಕಾದರೆ ಮೊದಲು ದೇಶ ಟನ್ನಿನಲ್ಲಿ ಬರೆದಿರಬೇಕಲ್ವಾ?

ಉಸಿರು:

ಮಸಿಗೆ ಈ ವರದಿ ಪದ್ಧತಿ ಅನ್ವಯವೇ ಆಗುವುದಿಲ್ಲವಲ್ಲ, ಅದಕ್ಕೆ ಏನು ಮಾಡುವುದು? ಪ್ರತಿ ದೇಶ ತನಗೆ ತೋಚಿದ ಹಾಗೆ ಲೆಕ್ಕ ಹಾಕಿದರೆ ಹೋಲಿಸುವುದು ಹೇಗೆ?

ಲೆಕ್ಕಿಗ:

@ಉಸಿರು ಐಪಿಸಿಸಿ ಇದಕ್ಕೇ ಅಂತ ಒಂದು ವಿಧಾನ ಪುಸ್ತಕ ತಯಾರಿಸುತ್ತಿದೆ, ಅಲ್ಪಾಯು ಹವಾಮಾನಕಾರಕಗಳ ಇನ್ವೆಂಟರಿಗೆ. 2027ಕ್ಕೆ ನಿಗದಿಯಾಗಿದೆ, ಮಸಿ ಅದರಲ್ಲಿದೆ. ಯುರೋಪಿನ ವಾಯುಮಾಲಿನ್ಯ ಒಪ್ಪಂದದಡಿ ಗಾಳಿಯ ಲೆಕ್ಕ ಕೊಡುವ ದೇಶಗಳ ಹತ್ತಿರ ಈಗಲೇ ಒಂದು ಕೈಪಿಡಿ ಇದೆ, ಅಲ್ಲಿಂದ ಶುರು ಮಾಡಬಹುದು. 2027ರ ತನಕ ಕಾಯಬೇಕಿಲ್ಲ. ಮಸಿಗೆ ಟನ್ ಗುರಿ ಹಾಕಲು ಧೈರ್ಯ ಸಾಲದಿದ್ದರೆ ಕೆಲಸದ ಗುರಿ ಹಾಕಿ. ಎಷ್ಟು ಹಳೆ ಬಸ್ಸು ಲಾರಿ ರಸ್ತೆಯಿಂದ ಹೋಗುತ್ತವೆ, ಎಷ್ಟು ಮನೆಗಳಲ್ಲಿ ಸೌದೆ ಒಲೆ ಪೂರ್ತಿ ನಿಲ್ಲುತ್ತದೆ. ಪೂರ್ತಿ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಸಿಲಿಂಡರ್ ಕೊಟ್ಟ ಮನೆಗಳ ಸಂಖ್ಯೆ ಎಣಿಸಿದರೆ ಆಗುವುದಿಲ್ಲ, ತುಂಬಿಸಲು ದುಡ್ಡಿಲ್ಲದೆ ಮತ್ತೆ ಸೌದೆ ಹಚ್ಚುವವರು ಬಹಳ ಇದ್ದಾರೆ.

ಓದುಗ:

ಲೆಕ್ಕಿಗ ಸರ್, ಕೊನೇ ಪ್ರಶ್ನೆ. ಸಣ್ಣ ದೇಶ, ಕಚೇರಿಯಲ್ಲಿ ಇಬ್ಬರೋ ಮೂವರೋ ಜನ. ಎಲ್ಲವನ್ನೂ ಒಟ್ಟಿಗೆ ಮಾಡಲು ಆಗುವುದಿಲ್ಲ. ಮೊದಲು ಏನು ಬರೆಯಬೇಕು?

ಲೆಕ್ಕಿಗ:

@ಓದುಗ ಮೊದಲು ಈಗಿರುವ ಇನ್ವೆಂಟರಿ ತೆಗೆದು ಮೀಥೇನನ್ನು ಕಾರ್ಬನ್ ಡೈಆಕ್ಸೈಡಿಗೆ ಪರಿವರ್ತಿಸುವ ಹಿಂದಿನ ಕಾಲಂ ನೋಡಿ. ಟನ್ನುಗಳು ಅಲ್ಲೇ ಇರುತ್ತವೆ, ಹೊಸದಾಗಿ ಏನೂ ಅಳೆಯಬೇಕಿಲ್ಲ. ಅದನ್ನು ವಲಯವಾರು ಎನ್‌ಡಿಸಿಗೆ ಎತ್ತಿ ಬರೆಯುವುದು ಒಂದು ವಾರದ ಕೆಲಸ. ತೈಲ ಅನಿಲ ಇರುವ ದೇಶವಾದರೆ ಸೋರಿಕೆಯಿಂದ ಶುರು ಮಾಡಿ, ಖರ್ಚು ಕಮ್ಮಿ, ಫಲ ಬೇಗ. ಇಲ್ಲದಿದ್ದರೆ ದೊಡ್ಡ ಊರಿನ ಒಂದು ಲ್ಯಾಂಡ್‌ಫಿಲ್. ಒಂದೇ ಜಾಗ, ಒಂದೇ ಆಡಳಿತ, ಪೈಪು ಹಾಕಿದರೆ ಎಷ್ಟು ಅನಿಲ ಬಂತು ಅಂತ ಮೀಟರೇ ಹೇಳುತ್ತದೆ. ದನ ಮತ್ತು ಭತ್ತಕ್ಕೆ ಈ ಸುತ್ತಿನಲ್ಲಿ ಸರ್ವೆ ಮಾಡುವ ದಿನಾಂಕ ಬರೆಯಿರಿ, ಗುರಿ ಮುಂದಿನ ಸುತ್ತಿಗೆ ಇಡಿ. ನಮ್ಮ ಕಾಲಂಗಳ ಮಾದರಿ ಹಾಳೆ ಬೇಕಿದ್ದರೆ ಹೇಳಿ, ಹಂಚಿಕೊಳ್ಳುತ್ತೇನೆ.